ವಿದೇಶದಲ್ಲಿ ಕಾರು ಓಡಿಸ್ತೀರಾ? ಟೋಲ್ ಪಾಸ್ ಆನ್‌ಲೈನ್‌ನಲ್ಲಿ ಕೊಳ್ಳುವುದು ಹೇಗೆ: ಕಲಬುರಗಿ, ಬೀದರ, ಯಾದಗಿರಿಯವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಿಂದ ಹುಮನಾಬಾದ್ ದಾಟಿ ಹೈದರಾಬಾದಿಗೆ ಹೊರಟರೆ ಟೋಲಿನ ಚಿಂತೆ ಯಾರಿಗೂ ಇರುವುದಿಲ್ಲ. ಗಾಜಿಗೆ ಫಾಸ್ಟ್ಯಾಗ್ ಅಂಟಿಸಿದೆ, ಅದರಲ್ಲಿ ರೊಕ್ಕ ಇದೆ, ಟೋಲ್ ನಾಕಾ ಬಂದಾಗ ಗಾಡಿ ಸ್ವಲ್ಪ ನಿಧಾನ ಮಾಡಿದರೆ ಸಾಕು. ರೊಕ್ಕ ಮುಗಿದಿದ್ದರೂ ಅಲ್ಲೊಬ್ಬ ಮನುಷ್ಯ ನಿಂತಿರುತ್ತಾನೆ, ಏನೋ ಒಂದು ದಾರಿ ಆಗುತ್ತದೆ.

ಮಗಳು-ಅಳಿಯ ಮ್ಯೂನಿಕ್‌ನಲ್ಲಿದ್ದಾರೆ, ಬೇಸಿಗೆ ರಜೆಗೆ ಹೋಗಿ ಕಾರು ಬಾಡಿಗೆ ಹಿಡಿದು ಆಸ್ಟ್ರಿಯಾ, ಇಟಲಿ ನೋಡಿಕೊಂಡು ಬರೋಣ ಅಂತ ಹೊರಟವರಿಗೆ ಅಲ್ಲಿನ ಲೆಕ್ಕವೇ ಬೇರೆ. ಆಸ್ಟ್ರಿಯಾ ಗಡಿ ದಾಟುವಾಗ ಗೇಟೂ ಇಲ್ಲ, ನಾಕಾನೂ ಇಲ್ಲ. ರಸ್ತೆ ಹಾಗೇ ಮುಂದುವರಿಯುತ್ತದೆ. ಆದರೆ ಅಲ್ಲಲ್ಲಿ ಕ್ಯಾಮೆರಾಗಳಿವೆ, ಅವು ನಿಮ್ಮ ನಂಬರ್ ಪ್ಲೇಟ್ ಓದುತ್ತವೆ. ಆ ನಂಬರಿಗೆ ಪಾಸ್ ಇಲ್ಲ ಅಂತಾದರೆ ಆಗ ನಿಮ್ಮನ್ನು ಯಾರೂ ತಡೆಯದೇ ಇರಬಹುದು. ನೀವು ಊರಿಗೆ ಬಂದು ಎಲ್ಲ ಮರೆತ ಮೇಲೆ ಬಾಡಿಗೆ ಕಂಪನಿಯಿಂದ ಮೇಲ್ ಬರುತ್ತದೆ: ಇಷ್ಟು ದಂಡ, ಅದರ ಮೇಲೆ ನಮ್ಮ ಶುಲ್ಕ ಇಷ್ಟು, ನಿಮ್ಮ ಕಾರ್ಡಿನಿಂದ ತೆಗೆದುಕೊಂಡಿದ್ದೇವೆ.

ಪಾಸ್ ಕೊಳ್ಳುವುದು ನಿಜವಾಗಿ ಹತ್ತು ನಿಮಿಷದ ಕೆಲಸ. ತೊಂದರೆ ಆಗುವುದು ಸಮಯದ ವಿಷಯದಲ್ಲಿ. ಕೆಲವು ಕೆಲಸ ಊರಲ್ಲೇ ಮುಗಿಸಬೇಕು. ಕೆಲವನ್ನು ಗಾಡಿಯ ಕೀಲಿ ಕೈಗೆ ಬಂದ ಮೇಲೇ ಮಾಡಬೇಕು. ಇವೆರಡನ್ನು ಅದಲು ಬದಲು ಮಾಡಿದರೆ ರೊಕ್ಕ ಹೋಗುತ್ತದೆ. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಪಾಸ್ ಅಂದರೆ ಏನು, ಯಾವ ದೇಶದಲ್ಲಿ ಬೇಕು

ಯುರೋಪಿನ ಹಲವು ದೇಶಗಳಲ್ಲಿ ಎಷ್ಟು ಕಿಲೋಮೀಟರ್ ಓಡಿಸಿದಿರಿ ಅಂತ ಲೆಕ್ಕ ಹಾಕುವುದಿಲ್ಲ. ಇಷ್ಟು ದಿನಕ್ಕೆ ಇಷ್ಟು ಅಂತ ಕಟ್ಟಿದರೆ ಅಷ್ಟು ದಿನ ದೇಶದ ಮೋಟಾರ್‌ವೇಗಳಲ್ಲಿ ಎಷ್ಟು ಬೇಕಾದರೂ ಓಡಾಡಬಹುದು. ಈ ಪಾಸಿಗೆ ಅಲ್ಲಿ ವಿನ್ಯೆಟ್ ಅನ್ನುತ್ತಾರೆ. ಮೊದಲು ಗಾಜಿಗೆ ಅಂಟಿಸುವ ಸ್ಟಿಕ್ಕರ್ ಆಗಿತ್ತು. ಈಗ ಬಹುತೇಕ ಕಡೆ ಡಿಜಿಟಲ್ ಆಗಿದೆ. ನಿಮ್ಮ ಗಾಡಿ ನಂಬರನ್ನು ಅವರ ಪಟ್ಟಿಯಲ್ಲಿ ಸೇರಿಸುತ್ತಾರೆ, ಅಷ್ಟೇ.

ನಮ್ಮಲ್ಲಿ 2025ರ ಆಗಸ್ಟ್ 15ರಿಂದ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಶುರುವಾದಾಗ ಅದರ ಬೆಲೆ ಮೂರು ಸಾವಿರ ರೂಪಾಯಿ ಇತ್ತು, ಕಟ್ಟಿದರೆ ಒಂದು ವರ್ಷ ಅಥವಾ 200 ಟ್ರಿಪ್. ಅದು ಒಂದೇ ಗಾಡಿಯ ನಂಬರಿಗೆ ಸೇರಿದ್ದು, ಇನ್ನೊಂದು ಗಾಡಿಗೆ ನಡೆಯುವುದಿಲ್ಲ. ವಿನ್ಯೆಟ್ ಕೂಡ ಹಾಗೆಯೇ. ಅದು ನಿಮ್ಮ ಹೆಸರಿಗಲ್ಲ, ಗಾಡಿ ನಂಬರಿಗೆ ಸೇರಿದ್ದು. ಇದೊಂದು ಮಾತು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ವಿನ್ಯೆಟ್ ಬೇಕಾಗುವ ದೇಶಗಳು: ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಸ್ಲೊವೇನಿಯಾ, ಜೆಕ್ ಗಣರಾಜ್ಯ, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾ, ಬಲ್ಗೇರಿಯಾ. ರೊಮೇನಿಯಾದಲ್ಲಿ ಒಂದು ವಿಶೇಷ ಇದೆ. ಅಲ್ಲಿ ಮೋಟಾರ್‌ವೇಗೆ ಮಾತ್ರವಲ್ಲ, ಸಾಮಾನ್ಯ ರಾಷ್ಟ್ರೀಯ ಹೆದ್ದಾರಿಗೂ ಪಾಸ್ ಬೇಕು. ಹಾಗಾಗಿ "ನಾವು ಸಣ್ಣ ರಸ್ತೆಯಲ್ಲೇ ಹೋಗ್ತೀವಿ" ಅಂದರೆ ಅಲ್ಲಿ ನಡೆಯುವುದಿಲ್ಲ.

ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ತರಬೇಕು ಅಂತ ಹೊರಟಿದ್ದರು, 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ತಡೆಯಿತು. ಆದ್ದರಿಂದ ಯಾವುದಾದರೂ ಸೈಟು ನಿಮಗೆ ಕಾರಿನ "ಜರ್ಮನಿ ವಿನ್ಯೆಟ್" ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಇಟಲಿ ಮತ್ತು ಫ್ರಾನ್ಸ್‌ನಲ್ಲಿ ವಿನ್ಯೆಟ್ ಇಲ್ಲ, ಓಡಿಸಿದ ದೂರಕ್ಕೆ ತಕ್ಕ ಟೋಲ್ ಇದೆ. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಊರಲ್ಲೇ ಮುಗಿಸಬೇಕಾದ ಕೆಲಸಗಳು

ಮೊದಲನೆಯದು ಲೈಸೆನ್ಸ್. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ನಿಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಆರ್‌ಟಿಒ ಇದೆ. ಶುಲ್ಕ ಸಾವಿರ ರೂಪಾಯಿ, ಒಂದು ವರ್ಷ ನಡೆಯುತ್ತದೆ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಟೋಲಿಗೂ ಇದಕ್ಕೂ ನೇರ ಸಂಬಂಧ ಇಲ್ಲ, ಆದರೆ ಇದು ಇಲ್ಲದಿದ್ದರೆ ಬಾಡಿಗೆ ಕೌಂಟರಿನಲ್ಲಿ ಗಾಡಿಯೇ ಸಿಗದೇ ಇರಬಹುದು.

ಎರಡನೆಯದು ಕಾರ್ಡ್. ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಬರುವಾಗ ವಿದೇಶಿ ವಹಿವಾಟು ಬಂದ್ ಆಗಿರುತ್ತದೆ. ನೀವೇ ಚಾಲೂ ಮಾಡಬೇಕು. ಬ್ಯಾಂಕಿನ ಆ್ಯಪ್ ತೆರೆಯಿರಿ, ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ. ಅಲ್ಲಿ ವಿದೇಶದ ಬಳಕೆಗೆ ಬೇರೆ ಬೇರೆ ಬಟನ್ ಇರುತ್ತವೆ: ಅಂಗಡಿ ಮೆಷಿನ್‌ಗೆ ಒಂದು, ಆನ್‌ಲೈನ್‌ಗೆ ಒಂದು, ಎಟಿಎಂಗೆ ಒಂದು, ಕಾರ್ಡ್ ತಾಗಿಸಿ ಕಟ್ಟುವುದಕ್ಕೆ ಒಂದು. ವಿನ್ಯೆಟ್‌ಗೆ ಆನ್‌ಲೈನ್ ಬಟನ್ ಬೇಕು. ಇಟಲಿಯ ಟೋಲ್ ಮೆಷಿನ್‌ಗೆ ಅಂಗಡಿ ಮೆಷಿನ್ ಬಟನ್ ಬೇಕು. ಎರಡನ್ನೂ ಚಾಲೂ ಮಾಡಿ, ದಿನದ ಮಿತಿ ಎಷ್ಟಿದೆ ಅಂತಲೂ ನೋಡಿ.

ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ಯುಪಿಐ ಈ ಸೈಟುಗಳಲ್ಲಿ ಇಲ್ಲ. ಕೈಯಲ್ಲಿರುವುದು ರುಪೇ ಕಾರ್ಡ್ ಒಂದೇ ಆಗಿದ್ದರೆ ಅದನ್ನೇ ನಂಬಿ ಹೊರಡಬೇಡಿ. ಸಾಧ್ಯವಿದ್ದರೆ ಎರಡು ಬೇರೆ ಬ್ಯಾಂಕಿನ ಕಾರ್ಡ್ ಇಟ್ಟುಕೊಳ್ಳಿ. ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಕರೆನ್ಸಿ ತುಂಬಿಸಿಟ್ಟುಕೊಳ್ಳುವ ಕಾರ್ಡ್) ಇದ್ದರೆ ಒಳ್ಳೆಯದು, ಯಾಕಂದರೆ ಸಾಮಾನ್ಯ ಕ್ರೆಡಿಟ್ ಕಾರ್ಡುಗಳು ವಿದೇಶಿ ಕರೆನ್ಸಿಗೆ ಮೇಲಿಂದ ಶೇಕಡ 2ರಿಂದ 3.5ರವರೆಗೆ ತೆಗೆದುಕೊಳ್ಳುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಇನ್ನು ಓಟಿಪಿ. ಅದು ಬರುವುದು ಬ್ಯಾಂಕಿನಲ್ಲಿ ಕೊಟ್ಟ ನಂಬರಿಗೆ. ಮ್ಯೂನಿಕ್ ಏರ್‌ಪೋರ್ಟಿನಲ್ಲಿ ಇಳಿದು ಅಲ್ಲಿನ ಸಿಮ್ ಹಾಕಿಕೊಂಡು ನಮ್ಮ ಸಿಮ್ ಪರ್ಸಿನಲ್ಲಿ ಇಟ್ಟರೆ ಓಟಿಪಿ ಬರುವುದಾದರೂ ಎಲ್ಲಿಗೆ? ನಮ್ಮ ಸಿಮ್‌ಗೆ ರೋಮಿಂಗ್ ಚಾಲೂ ಮಾಡಿಸಿ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಒಂದರಲ್ಲಿ ಊರಿನ ಸಿಮ್ ಮೆಸೇಜಿಗೆ, ಇನ್ನೊಂದರಲ್ಲಿ ಅಲ್ಲಿನದು ಇಂಟರ್‌ನೆಟ್ಟಿಗೆ. ಅಪ್ಪ-ಅಮ್ಮನ ಕಾರ್ಡ್ ಬಳಸುವುದಾದರೆ ಅವರ ಫೋನೂ ನಿಮ್ಮ ಜೊತೆಗೇ ಇರಬೇಕು.

ಹೊರಡುವ ಮುಂಚೆ ಮನೆಯಲ್ಲೇ ಕೂತು ಒಂದು ಸಣ್ಣ ವಿದೇಶಿ ವಹಿವಾಟು ಮಾಡಿ ನೋಡಿ. ಮ್ಯೂಸಿಯಂ ಟಿಕೆಟ್ ಆಗಲಿ, ರೈಲು ಟಿಕೆಟ್ ಆಗಲಿ, ಹೇಗೂ ಬೇಕಾದದ್ದೇ ಕೊಳ್ಳಿ. ಕಾರ್ಡ್ ಕೈಕೊಟ್ಟರೆ ಬ್ಯಾಂಕಿಗೆ ಹೋಗಿ ಕೇಳಲು ನಿಮಗೆ ಸಮಯ ಇರುತ್ತದೆ.

ಮೂರನೆಯದು ಬಾಡಿಗೆ ಕಂಪನಿಗೆ ಕೇಳಬೇಕಾದ ಎರಡು ಪ್ರಶ್ನೆ. ಈ ಗಾಡಿಯನ್ನು ಯಾವ ಯಾವ ದೇಶಕ್ಕೆ ಒಯ್ಯಬಹುದು? ಗಾಡಿಯಲ್ಲಿ ಯಾವ ದೇಶದ ಪಾಸ್ ಮೊದಲೇ ಇದೆ? ಮೊದಲ ಪ್ರಶ್ನೆಗೆ ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಪೂರ್ವದ ಕೆಲವು ದೇಶಗಳಿಗೆ ಬಿಡದ ಕಂಪನಿಗಳಿವೆ, ಬಿಟ್ಟರೂ ಮೇಲೆ ಶುಲ್ಕ ಕೇಳುವವರಿದ್ದಾರೆ. ಎರಡನೆಯದಕ್ಕೆ ಸಾಮಾನ್ಯ ಉತ್ತರ ಹೀಗೆ: ಗಾಡಿ ಯಾವ ದೇಶದಲ್ಲಿ ಬಾಡಿಗೆಗೆ ಹಿಡಿದಿರೋ ಆ ದೇಶದ ಪಾಸ್ ಇರುತ್ತದೆ, ಬೇರೆ ದೇಶದ್ದು ಇರುವುದಿಲ್ಲ. ವಿಯೆನ್ನಾದಲ್ಲಿ ಹಿಡಿದ ಗಾಡಿಗೆ ಆಸ್ಟ್ರಿಯಾ ಪಾಸ್ ಇರುತ್ತದೆ. ಮ್ಯೂನಿಕ್‌ನಲ್ಲಿ ಹಿಡಿದದ್ದಕ್ಕೆ ಇರುವ ಸಾಧ್ಯತೆ ಕಡಿಮೆ.

ಜಿನೀವಾ ಏರ್‌ಪೋರ್ಟಿನಲ್ಲಿ ಇಳಿಯುವವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. ಅಲ್ಲಿ ಸ್ವಿಸ್ ಬದಿ, ಫ್ರೆಂಚ್ ಬದಿ ಅಂತ ಎರಡಿವೆ. ಫ್ರೆಂಚ್ ಬದಿಯಲ್ಲಿ ಬಾಡಿಗೆ ಅಗ್ಗ ಅಂತ ಗಾಡಿ ಹಿಡಿದರೆ ಅದರಲ್ಲಿ ಸ್ವಿಸ್ ವಿನ್ಯೆಟ್ ಇರುವುದಿಲ್ಲ. ಬಾಸೆಲ್ ಏರ್‌ಪೋರ್ಟಿನದ್ದೂ ಇದೇ ಕಥೆ.

ಅಸಲಿ ಸೈಟು ಯಾವುದು?

ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ ಇದು. ಗೂಗಲ್‌ನಲ್ಲಿ "ಆಸ್ಟ್ರಿಯಾ ವಿನ್ಯೆಟ್" ಅಂತ ಹುಡುಕಿ ನೋಡಿ. ಮೇಲೆ ಬರುವ ಮೊದಲ ಎರಡು ಮೂರು ಸಾಲುಗಳು ಜಾಹೀರಾತು ಆಗಿರುವುದೇ ಜಾಸ್ತಿ. ತೆರೆದರೆ ದೇಶದ ಬಾವುಟದ ಬಣ್ಣ, ಮೋಟಾರ್‌ವೇ ಚಿತ್ರ, ಎಲ್ಲ ಸರ್ಕಾರದ್ದೇ ಅನ್ನಿಸುವಂತಿರುತ್ತದೆ. ಅದು ದಲ್ಲಾಳಿಗಳ ಸೈಟು. ಹನ್ನೆರಡು ಯೂರೋ ಪಾಸನ್ನು ಇಪ್ಪತ್ತೈದು ಮೂವತ್ತಕ್ಕೆ ಮಾರುತ್ತಾರೆ, ನಡುವಿನದಕ್ಕೆ ಸೇವಾ ಶುಲ್ಕ ಅಂತ ಹೆಸರಿಡುತ್ತಾರೆ. ನಮ್ಮ ಪರಿಚಯದ ಹಿರಿಯರೊಬ್ಬರು ಹೀಗೇ ಮೂರು ದೇಶದ ಪಾಸಿಗೆ ದುಪ್ಪಟ್ಟು ಕೊಟ್ಟು ಬಂದರು. ಅವರಿಗೆ ಕೊನೆಯವರೆಗೂ ಅದು ಸರ್ಕಾರದ ಸೈಟು ಅಂತಲೇ ನಂಬಿಕೆ ಇತ್ತು. ಒಂದು ಯೂರೋಗೆ ನೂರು ರೂಪಾಯಿಯ ಆಸುಪಾಸು ಕೊಡುವ ನಮ್ಮಂಥವರಿಗೆ ಇದು ಸಣ್ಣ ಮೊತ್ತ ಅಲ್ಲ.

ಕೆಲವು ದಲ್ಲಾಳಿಗಳು ಜಾಸ್ತಿ ತೆಗೆದುಕೊಂಡರೂ ಪಾಸ್ ಮಾಡಿಸಿ ಕೊಡುತ್ತಾರೆ. ರೊಕ್ಕ ಹಿಡಿದು ಪಾಸೇ ಮಾಡಿಸದ ಖದೀಮರೂ ಇದ್ದಾರೆ. ಹಾಗಾಗಿ ಯಾರು ಮಾರುತ್ತಾರೆ ಅನ್ನುವುದನ್ನು ಹೆಸರು ಸಮೇತ ತಿಳಿದಿರಿ:

- ಆಸ್ಟ್ರಿಯಾದಲ್ಲಿ ಮೋಟಾರ್‌ವೇ ನೋಡಿಕೊಳ್ಳುವ ಸಂಸ್ಥೆ ಆಸ್ಫಿನಾಗ್. ಎ, ಎಸ್, ಎಫ್, ಐ, ಎನ್, ಎ, ಜಿ ಅಂತ ಏಳು ಅಕ್ಷರ, ಕೊನೆಗೆ ಡಾಟ್ ಎಟಿ. ಇವರದೇ ಆ್ಯಪ್ ಕೂಡ ಇದೆ.
- ಸ್ವಿಟ್ಜರ್ಲೆಂಡಿನಲ್ಲಿ ಅಲ್ಲಿನ ಕಸ್ಟಮ್ಸ್ ಇಲಾಖೆಯೇ ಮಾರುತ್ತದೆ. ಸ್ವಿಸ್ ಕೇಂದ್ರ ಸರ್ಕಾರದ ಸೈಟುಗಳು ಅಡ್ಮಿನ್ ಡಾಟ್ ಸಿಎಚ್ ಅಂತ ಮುಗಿಯುತ್ತವೆ. ಅದು ಇಲ್ಲದಿದ್ದರೆ ಅದು ಸರ್ಕಾರದ್ದಲ್ಲ.
- ಸ್ಲೊವೇನಿಯಾದಲ್ಲಿ ಡಾರ್ಸ್ ಎಂಬ ಸಂಸ್ಥೆ. ಡಿ, ಎ, ಆರ್, ಎಸ್, ಡಾಟ್ ಎಸ್‌ಐ.
- ಜೆಕ್ ಮತ್ತು ಸ್ಲೊವಾಕಿಯಾದಲ್ಲಿ ಒಂದೊಂದು ಸರ್ಕಾರಿ ಪೋರ್ಟಲ್ ಇದೆ. ಜೆಕ್‌ದು ಇ-ಡಾಲ್ನಿಟ್ಸೆ, ಸ್ಲೊವಾಕಿಯಾದ್ದು ಇ-ಜ್ನಾಮ್ಕಾ.

ಸರ್ಚ್ ಫಲಿತಾಂಶದ ಮೇಲೆ ಒತ್ತಿ ಹೋಗುವ ಬದಲು ವಿಳಾಸವನ್ನು ಕೈಯಿಂದ ಟೈಪ್ ಮಾಡಿ. ದೇಶದ ಕೊನೆಯ ಎರಡಕ್ಷರ ಇದೆ ಅಂದ ಮಾತ್ರಕ್ಕೂ ನಂಬಬೇಡಿ, ಅದನ್ನು ದಲ್ಲಾಳಿಯೂ ಕೊಳ್ಳಬಹುದು. ಊರಲ್ಲಿರುವಾಗಲೇ ಅಸಲಿ ಪುಟಗಳನ್ನು ಫೋನಿನಲ್ಲಿ ಬುಕ್‌ಮಾರ್ಕ್ ಮಾಡಿಡಿ. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಮಕ್ಕಳು ಹಸಿವು ಅಂತ ಗಲಾಟೆ ಮಾಡುವಾಗ ಅಸಲಿ ನಕಲಿ ನೋಡುತ್ತಾ ಕೂರಲು ಆಗುವುದಿಲ್ಲ.

ಗಾಡಿ ಕೈಗೆ ಬಂದ ಮೇಲೆ: ಫಾರ್ಮ್ ತುಂಬುವುದು

ಬಾಡಿಗೆ ಗಾಡಿಯ ನಂಬರ್ ಮೊದಲೇ ಗೊತ್ತಾಗುವುದಿಲ್ಲ. ನೀವು ಬುಕ್ ಮಾಡಿದ್ದು ಒಂದು ಮಾದರಿ, ಕೌಂಟರಿನಲ್ಲಿ ಕೊಡುವುದು ಇನ್ನೊಂದು. ಆದ್ದರಿಂದ ವಿನ್ಯೆಟ್ ಅನ್ನು ಕಲಬುರಗಿಯಲ್ಲಿ ಕೂತು ಕೊಳ್ಳಬೇಡಿ. ಮಗಳ ಸ್ವಂತ ಕಾರಿದ್ದರೆ ಮಾತು ಬೇರೆ, ನಂಬರ್ ತರಿಸಿಕೊಂಡು ಆರಾಮಾಗಿ ಇಲ್ಲಿಂದಲೇ ಕೊಳ್ಳಬಹುದು.

ಕೀಲಿ ಸಿಕ್ಕಿತು, ಗಾಡಿ ಹತ್ತಿರ ಬಂದಿರಿ. ಮೊದಲು ಗಾಡಿಯ ಮುಂದೆ ನಿಂತು ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಹಾಗೇ ಗಾಜಿನ ಮೂಲೆಯಲ್ಲಿ ಏನಾದರೂ ಸ್ಟಿಕ್ಕರ್ ಇದೆಯಾ, ಯಾವ ವರ್ಷದ್ದು ಅಂತ ನೋಡಿ. ಆಮೇಲೆ ಬುಕ್‌ಮಾರ್ಕ್ ಮಾಡಿಟ್ಟ ಪುಟ ತೆರೆಯಿರಿ.

ಗಾಡಿ ನೋಂದಣಿಯ ದೇಶ. ಇಲ್ಲಿ ನಿಮ್ಮ ದೇಶ ಹಾಕಬೇಡಿ, ಪಾಸ್ ಕೊಳ್ಳುವ ದೇಶವನ್ನೂ ಹಾಕಬೇಡಿ. ಗಾಡಿ ಎಲ್ಲಿ ನೋಂದಣಿ ಆಗಿದೆಯೋ ಆ ದೇಶ. ಪ್ಲೇಟಿನ ಎಡತುದಿಯ ನೀಲಿ ಪಟ್ಟಿಯಲ್ಲಿ ಅದರ ಗುರುತು ಇರುತ್ತದೆ: ಜರ್ಮನಿಗೆ ಡಿ, ಆಸ್ಟ್ರಿಯಾಗೆ ಎ, ಇಟಲಿಗೆ ಐ, ಫ್ರಾನ್ಸಿಗೆ ಎಫ್. ಮ್ಯೂನಿಕ್‌ನಲ್ಲಿ ಹಿಡಿದ ಗಾಡಿಗೆ ಬೇರೆ ದೇಶದ ಪ್ಲೇಟ್ ಇರುವುದೂ ಉಂಟು, ಆದ್ದರಿಂದ ಊಹೆ ಮಾಡದೆ ಪ್ಲೇಟ್ ನೋಡಿ.

ಗಾಡಿ ನಂಬರ್. ನೀಲಿ ಪಟ್ಟಿಯ ಅಕ್ಷರ ನಂಬರಿನ ಭಾಗ ಅಲ್ಲ, ಅದನ್ನು ಸೇರಿಸಬೇಡಿ. ಜರ್ಮನ್ ಪ್ಲೇಟಿನಲ್ಲಿ ಮೊದಲು ಊರಿನ ಅಕ್ಷರ ಬರುತ್ತದೆ, ಮ್ಯೂನಿಕ್‌ಗೆ ಎಂ, ಫ್ರಾಂಕ್‌ಫರ್ಟಿಗೆ ಎಫ್, ಹ್ಯಾಂಬರ್ಗ್‌ಗೆ ಎಚ್ಎಚ್. ಅದರ ಪಕ್ಕ ಒಂದು ದುಂಡನೆಯ ಸೀಲು ಇರುತ್ತದೆ. ಅದು ಸೊನ್ನೆಯೂ ಅಲ್ಲ, ಓ ಅಕ್ಷರವೂ ಅಲ್ಲ. ಆಮೇಲೆ ಒಂದೋ ಎರಡೋ ಅಕ್ಷರ, ಕೊನೆಗೆ ಅಂಕಿಗಳು. ಅಕ್ಷರ ಎಲ್ಲಾ ಮೊದಲು, ಅಂಕಿ ಎಲ್ಲಾ ಆಮೇಲೆ ಅನ್ನುವ ಈ ಕ್ರಮ ಗೊತ್ತಿದ್ದರೆ ಓ ಮತ್ತು ಸೊನ್ನೆಯ ಗೊಂದಲ ತಾನೇ ಬಗೆಹರಿಯುತ್ತದೆ. ಎಲೆಕ್ಟ್ರಿಕ್ ಗಾಡಿಗೆ ಅಂಕಿಗಳ ನಂತರ ಇ ಅಂತ ಒಂದು ಅಕ್ಷರ ಇರುತ್ತದೆ, ಅದು ನಂಬರಿನದೇ ಭಾಗ, ಬಿಡಬೇಡಿ. ಕೆಲವು ಜರ್ಮನ್ ಊರುಗಳ ಅಕ್ಷರದ ತಲೆ ಮೇಲೆ ಎರಡು ಚುಕ್ಕಿ ಇರುತ್ತವೆ. ಅದನ್ನು ಹೇಗೆ ಬರೆಯಬೇಕು ಅಂತ ಸೈಟಿನಲ್ಲೇ ಹೇಳಿರುತ್ತಾರೆ, ಓದಿ. ನಡುವೆ ಜಾಗ ಬಿಡಬೇಕೋ ಬೇಡವೋ ಅನ್ನುವುದೂ ಅಲ್ಲೇ ಇರುತ್ತದೆ.

ಬಹುತೇಕ ಸೈಟುಗಳು ನಂಬರನ್ನು ಎರಡು ಸಲ ಕೇಳುತ್ತವೆ. ಮೊದಲನೆಯದನ್ನು ಕಾಪಿ ಮಾಡಿ ಎರಡನೆಯದಕ್ಕೆ ಅಂಟಿಸಬೇಡಿ. ತಪ್ಪು ಹಿಡಿಯಲಿ ಅಂತಲೇ ಎರಡು ಸಲ ಕೇಳುವುದು, ಅಲ್ವಾ? ಒಬ್ಬರು ಪ್ಲೇಟ್ ಮುಂದೆ ನಿಂತು ಓದಲಿ, ಇನ್ನೊಬ್ಬರು ಫೋನಿನಲ್ಲಿ ಹೊಡೆಯಲಿ.

ಗಾಡಿಯ ವರ್ಗ. ನಾಲ್ಕೈದು ಸೀಟಿನ ಕಾರಾದರೆ ಯೋಚನೆ ಇಲ್ಲ, 3.5 ಟನ್ ಒಳಗಿನ ಕಾರು ಅಂತ ಆರಿಸಿ. ಆದರೆ ನಮ್ಮವರು ಹೊರಡುವುದು ಎರಡು ಮೂರು ಕುಟುಂಬ ಸೇರಿ, ಒಂಬತ್ತು ಸೀಟಿನ ವ್ಯಾನ್ ಹಿಡಿದು. ಅಲ್ಲಿ ಎರಡು ದೇಶಗಳ ನಿಯಮ ನೋಡಿಕೊಳ್ಳಬೇಕು. ಹಂಗೇರಿಯಲ್ಲಿ ಏಳು ಜನರವರೆಗಿನ ಕಾರಿಗೆ ಡಿ1 ವರ್ಗ, ಅದಕ್ಕಿಂತ ಜಾಸ್ತಿ ಸೀಟು ಇದ್ದರೆ ಡಿ2, ಅದರ ಬೆಲೆ ಬೇರೆ. ಸ್ಲೊವೇನಿಯಾದಲ್ಲಿ ಮುಂದಿನ ಚಕ್ರದ ಅಚ್ಚಿನ ಮೇಲೆ ಗಾಡಿಯ ಎತ್ತರ 1.30 ಮೀಟರ್ ಮುಟ್ಟಿದರೆ 2ಬಿ, ಅದಕ್ಕಿಂತ ಕಡಿಮೆ ಇದ್ದರೆ 2ಎ. ವ್ಯಾನ್ ಕೊಡುವಾಗ ಬಾಡಿಗೆ ಕೌಂಟರಿನವರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ತಪ್ಪು ವರ್ಗದ ಪಾಸ್ ತೋರಿಸಿದರೆ ಪಾಸ್ ಇದ್ದೂ ದಂಡ ಬೀಳುತ್ತದೆ.

ಅವಧಿ ಮತ್ತು ಶುರುವಾಗುವ ದಿನ. ಆಸ್ಟ್ರಿಯಾದಲ್ಲಿ ಒಂದು ದಿನ, 10 ದಿನ, ಎರಡು ತಿಂಗಳು, ಒಂದು ವರ್ಷ ಅಂತ ನಾಲ್ಕು ಬಗೆ. 2025ರಲ್ಲಿ 10 ದಿನದ್ದು 12.40 ಯೂರೋ, ಒಂದು ದಿನದ್ದು 9.30. ಹೋಗಿ ಬರುವುದು ಬೇರೆ ಬೇರೆ ದಿನ ಆದರೆ 10 ದಿನದ್ದೇ ಲಾಭ. ಆಸ್ಟ್ರಿಯಾದ ಎರಡು ತಿಂಗಳ ಮತ್ತು ವಾರ್ಷಿಕ ಪಾಸನ್ನು ಆನ್‌ಲೈನ್‌ನಲ್ಲಿ ಗ್ರಾಹಕರು ಕೊಂಡರೆ ಅದು ಶುರುವಾಗುವುದು 18ನೇ ದಿನದಿಂದ. ಕೊಂಡದ್ದನ್ನು ವಾಪಸ್ ಕೊಡುವ ಗ್ರಾಹಕರ ಹಕ್ಕಿಗೆ ಜಾಗ ಬಿಡಲು ಹೀಗೆ ಮಾಡಿದ್ದಾರೆ. ಮಗಳ ಮನೆಯಲ್ಲಿ ಎರಡು ತಿಂಗಳು ಇರಲು ಹೋಗುವ ಅಪ್ಪ-ಅಮ್ಮ ಇದನ್ನು ಗಮನದಲ್ಲಿಡಿ. 10 ದಿನದ್ದಕ್ಕೆ ಈ ಕಾಯುವ ಕಷ್ಟ ಇಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಬಗೆ, ವರ್ಷದ್ದು, 40 ಫ್ರಾಂಕ್. ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರವರೆಗೆ, ಅಂದರೆ 14 ತಿಂಗಳು ನಡೆಯುತ್ತದೆ. ಒಂದೇ ದಿನ ಹಾದು ಹೋಗುವವರಿಗೂ ಅಷ್ಟೇ ಬೆಲೆ. ಡಿಜಿಟಲ್ ರೂಪ ಬಂದದ್ದು 2023ರ ಆಗಸ್ಟ್‌ನಲ್ಲಿ. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಅದರ ಮೇಲೆ ಪಾಸನ್ನೂ ಕೊಳ್ಳಬೇಕು. ಸ್ಲೊವೇನಿಯಾದಲ್ಲಿ ಕನಿಷ್ಠ ಒಂದು ವಾರದ್ದು, ಕಾರಿಗೆ 2025ರಲ್ಲಿ 16 ಯೂರೋ. ಬೆಲೆಗಳು ವರ್ಷ ವರ್ಷ ಏರುತ್ತವೆ, ಅಸಲಿ ಸೈಟಿನಲ್ಲಿ ಕಾಣುವುದೇ ಅಂತಿಮ.

ತಾರೀಖು ಹಾಕುವಾಗ ಅಲ್ಲಿನ ತಾರೀಖು ಹಾಕಿ. ನಮ್ಮ ಗಡಿಯಾರ ಮಧ್ಯ ಯುರೋಪಿಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಊರಿನಿಂದ ಮಗ ರಾತ್ರಿ ಎರಡು ಗಂಟೆಗೆ ಕೂತು ನಿಮ್ಮ ಪರವಾಗಿ ಕೊಂಡರೆ ಇಲ್ಲಿ ದಿನ ಬದಲಾಗಿರುತ್ತದೆ, ಅಲ್ಲಿ ಇನ್ನೂ ಆಗಿರುವುದಿಲ್ಲ. ಗಡಿ ದಾಟುವ ದಿನವೇ ಶುರುವಿನ ದಿನ, ವಿಮಾನ ಇಳಿದ ದಿನ ಅಲ್ಲ.

ರೊಕ್ಕ ಕಟ್ಟುವುದು. ಕಾರ್ಡ್ ಹಾಕಿದ ಮೇಲೆ ಎಲ್ಲಾದರೂ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಯೂರೋ ಆರಿಸಿ. ರೂಪಾಯಿ ನೋಡಿ ನಮ್ಮದು ಅನ್ನಿಸುತ್ತದೆ, ಆದರೆ ಆ ದರ ನಿಗದಿ ಮಾಡುವುದು ಆಚೆ ಬದಿಯವರು, ಅದು ಸಾಮಾನ್ಯವಾಗಿ ದುಬಾರಿ. ಪೆಟ್ರೋಲ್ ಬಂಕಿನ ಮೆಷಿನ್‌ಗೂ ಎಟಿಎಂಗೂ ಇದೇ ಮಾತು.

ಆದ ಮೇಲೆ. ರಸೀದಿ ಮೇಲ್‌ಗೆ ಬರುತ್ತದೆ. ಪಿಡಿಎಫ್ ಫೋನಿಗೆ ಇಳಿಸಿಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಮನೆಯ ವಾಟ್ಸ್ಆ್ಯಪ್ ಗ್ರೂಪಿಗೂ ಹಾಕಿ. ಆಮೇಲೆ ಅಸಲಿ ಸೈಟಿನಲ್ಲೇ ನಂಬರ್ ಹಾಕಿ ಪಾಸ್ ದಾಖಲಾಗಿದೆಯಾ ನೋಡಿ. ಈ ಸೌಲಭ್ಯ ಬಹುತೇಕ ದೇಶಗಳಲ್ಲಿ ಇದೆ. ದಲ್ಲಾಳಿಯಿಂದ ಕೊಂಡುಬಿಟ್ಟಿದ್ದರೂ ಪಾಸ್ ನಿಜವಾಗಿ ಆಗಿದೆಯೋ ಇಲ್ಲವೋ ಅಂತ ತಿಳಿಯುವ ದಾರಿ ಇದೇ. ನಂಬರ್ ತಪ್ಪಿದೆ ಅಂತ ಗೊತ್ತಾದರೆ ಮೋಟಾರ್‌ವೇ ಹತ್ತುವ ಮುಂಚೆಯೇ ಸೈಟಿನ ಸಹಾಯ ವಿಭಾಗಕ್ಕೆ ರಸೀದಿ ಸಮೇತ ಬರೆಯಿರಿ. ಅವಧಿ ಶುರುವಾಗುವ ಮುಂಚೆ ಸರಿಪಡಿಸುವುದು ಸುಲಭ, ಆಮೇಲೆ ಕಷ್ಟ.

ಆನ್‌ಲೈನ್ ಏನೂ ಆಗದಿದ್ದರೆ ಗಾಬರಿ ಬೇಡ. ಗಡಿಗೆ ಮುಂಚಿನ ಪೆಟ್ರೋಲ್ ಬಂಕುಗಳಲ್ಲಿ ಕೌಂಟರ್ ಮೇಲೆ ಮಾರುತ್ತಾರೆ. ಕೊನೆಯ ಬಂಕು ಬಿಟ್ಟು ಮುಂದೆ ಹೋಗಬೇಡಿ ಅಷ್ಟೇ.

ಒಂದು ದಾರಿ ಹಿಡಿದು ನೋಡೋಣ

ಮ್ಯೂನಿಕ್, ಇನ್ಸ್‌ಬ್ರುಕ್, ಬ್ರೆನ್ನರ್, ವೆರೋನಾ, ವೆನಿಸ್, ಲ್ಯುಬ್ಲಿಯಾನಾ, ಬ್ಲೆಡ್, ಸಾಲ್ಜ್‌ಬರ್ಗ್, ವಾಪಸ್ ಮ್ಯೂನಿಕ್. ನಮ್ಮ ಕಡೆಯವರು ಇಷ್ಟಪಡುವ ಸುತ್ತು.

ಜರ್ಮನಿಯಲ್ಲಿ ಏನೂ ಇಲ್ಲ. ಆಸ್ಟ್ರಿಯಾಗೆ 10 ದಿನದ ಪಾಸ್. ಇಡೀ ಸುತ್ತು 10 ದಿನದೊಳಗೆ ಮುಗಿದರೆ ಹೋಗುವಾಗಿನದೂ ಬರುವಾಗಿನದೂ ಒಂದರಲ್ಲೇ ಆಯಿತು.

ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್ ಕಡೆ ಹೊರಟಾಗ ಟೋಲ್ ನಾಕಾ ಎದುರಾಗುತ್ತದೆ. "ಪಾಸ್ ಇದೆಯಲ್ಲ, ಮತ್ತೆ ಯಾಕೆ?" ಅನ್ನಿಸುತ್ತದೆ. ಆಸ್ಟ್ರಿಯಾದಲ್ಲಿ ಐದು ಕಡೆ, ದೊಡ್ಡ ಸೇತುವೆ ಮತ್ತು ಸುರಂಗ ಇರುವ ದಾರಿಗಳಿಗೆ, ವಿನ್ಯೆಟ್ ನಡೆಯದೆ ಬೇರೆ ಟೋಲ್ ಇದೆ: ಬ್ರೆನ್ನರ್, ಟಾವರ್ನ್, ಪಿರ್ನ್, ಆರ್ಲ್‌ಬರ್ಗ್, ಕರವಾಂಕೆನ್. ಬ್ರೆನ್ನರ್‌ಗೆ 2025ರಲ್ಲಿ ಸುಮಾರು 12 ಯೂರೋ. ಅಲ್ಲೇ ಕಟ್ಟಬಹುದು, ಆಸ್ಫಿನಾಗ್ ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಮೊದಲೇ ಕೊಳ್ಳಲೂಬಹುದು. ಬೇಸಿಗೆಯ ಶನಿವಾರ ಸಾಲು ಉದ್ದ ಇರುತ್ತದೆ, ಮೊದಲೇ ಕೊಂಡರೆ ಒಳ್ಳೆಯದು.

ಇಟಲಿಗೆ ಇಳಿದ ಮೇಲೆ ಸ್ಟರ್ಜಿಂಗ್ ಹತ್ತಿರ ಮೆಷಿನ್‌ನಿಂದ ಚೀಟಿ ತೆಗೆದುಕೊಳ್ಳಬೇಕು. ಮೋಟಾರ್‌ವೇ ಬಿಟ್ಟು ಇಳಿಯುವಾಗ ದೂರಕ್ಕೆ ತಕ್ಕಷ್ಟು ಕಟ್ಟಬೇಕು. ಬೀದರದಿಂದ ಶಂಷಾಬಾದ್ ಏರ್‌ಪೋರ್ಟಿಗೆ ಹೋಗುವವರು ಹೈದರಾಬಾದ್ ಔಟರ್ ರಿಂಗ್ ರೋಡ್ ಹತ್ತಿದ ಕಡೆಯಿಂದ ಇಳಿದ ಕಡೆವರೆಗೆ ಕಟ್ಟುತ್ತಾರಲ್ಲ, ಅದೇ ಪದ್ಧತಿ. ಚೀಟಿ ಮಾತ್ರ ಜೋಪಾನ. ಕಳೆದರೆ ಅತಿ ದೂರದ ನಾಕಾದಿಂದ ಬಂದಿದ್ದೀರಿ ಅಂತ ಲೆಕ್ಕ ಹಾಕುತ್ತಾರೆ. ಇಳಿಯುವಾಗ ಹಳದಿ ಬಣ್ಣದ ಟೆಲೆಪಾಸ್ ಸಾಲಿಗೆ ನುಗ್ಗಬೇಡಿ, ಅದು ಅಲ್ಲಿನ ಫಾಸ್ಟ್ಯಾಗ್ ಇದ್ದವರಿಗೆ. ನೀಲಿ ಸಾಲು ಕಾರ್ಡಿಗೆ, ಬಿಳಿ ಸಾಲು ನಗದಿಗೆ. ಕಾರ್ಡ್ ಹಿಡಿಯದಿದ್ದರೆ ಹಿಂದೆ ಬರಬೇಡಿ, ಸಹಾಯದ ಬಟನ್ ಒತ್ತಿ. ಬಾಕಿ ಚೀಟಿ ಕೊಟ್ಟು ಬಿಡುತ್ತಾರೆ, ಅದನ್ನು 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಬಹುದು.

ಟ್ರಿಯೆಸ್ಟೆ ಕಡೆಯಿಂದ ಸ್ಲೊವೇನಿಯಾಗೆ ಬರುವ ಹಿಂದಿನ ರಾತ್ರಿ ಹೋಟೆಲಿನಲ್ಲಿ ವಾರದ ಪಾಸ್ ಕೊಳ್ಳಿ. ಬ್ಲೆಡ್ ನೋಡಿಕೊಂಡು ಉತ್ತರಕ್ಕೆ ಹೊರಟರೆ ಕರವಾಂಕೆನ್ ಸುರಂಗ, ಅದಕ್ಕೆ ಬೇರೆ ಟೋಲ್. ಆಮೇಲೆ ಟಾವರ್ನ್ ದಾರಿಗೆ ಇನ್ನೊಂದು. ಸಾಲ್ಜ್‌ಬರ್ಗ್ ಮುಟ್ಟಿದ ಮೇಲೆ ಮ್ಯೂನಿಕ್‌ವರೆಗೆ ಮತ್ತೇನೂ ಇಲ್ಲ.

ಅಂದ ಹಾಗೆ, ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ಒಂದನ್ನೇ ನೋಡಿ ವಾಪಸ್ ಬರುವವರಿಗೆ ಪಾಸೇ ಬೇಕಾಗಿಲ್ಲ. ಗಡಿಯಿಂದ ಸಾಲ್ಜ್‌ಬರ್ಗ್ ನಾರ್ಡ್ ಎಕ್ಸಿಟ್‌ವರೆಗಿನ ತುಂಡನ್ನು 2019ರ ಡಿಸೆಂಬರ್‌ನಿಂದ ವಿನ್ಯೆಟ್‌ನಿಂದ ಬಿಟ್ಟಿದ್ದಾರೆ. ಅದನ್ನು ದಾಟಿ ಮುಂದೆ ಹೋಗಬಾರದು, ಅಷ್ಟೇ.

ಗೇಟೂ ಇಲ್ಲ, ಪಾಸೂ ಇಲ್ಲ: ಆಮೇಲೆ ಕಟ್ಟುವ ರಸ್ತೆಗಳು

ಈಗ ಇನ್ನೊಂದು ಬಗೆ ಹೆಚ್ಚುತ್ತಿದೆ. ನೀವು ಹಾದು ಹೋಗಿ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ನೀವಾಗಿಯೇ ನೆನಪಿಟ್ಟು ಸೈಟಿಗೆ ಹೋಗಿ ಕಟ್ಟಬೇಕು. ಪ್ಯಾರಿಸ್‌ನಿಂದ ನಾರ್ಮಂಡಿ ಕಡೆ ಹೋಗುವ ಎ13, ಎ14 ರಸ್ತೆಗಳು ಹೀಗಿವೆ, 72 ಗಂಟೆಯೊಳಗೆ ಕಟ್ಟಬೇಕು. ಇಟಲಿಯ ಮಿಲಾನ್ ಹತ್ತಿರದ ಪೆಡೆಮೊಂಟಾನಾ ರಸ್ತೆಗೆ 15 ದಿನ. ಲಂಡನ್ ಪೂರ್ವಕ್ಕೆ ಥೇಮ್ಸ್ ದಾಟುವ ಡಾರ್ಟ್‌ಫರ್ಡ್‌ನಲ್ಲಿ ಮರುದಿನ ಮಧ್ಯರಾತ್ರಿಯೊಳಗೆ. ಕಾರಿಗೆ 2025ರ ಸೆಪ್ಟೆಂಬರ್‌ನಿಂದ ಮೂರೂವರೆ ಪೌಂಡ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಿಟ್ಟಿ. ಇಂಥ ರಸ್ತೆಯಲ್ಲಿ ಹೋದ ದಿನ ಸಂಜೆ ರೂಮಿಗೆ ಬಂದ ಕೂಡಲೇ ಕಟ್ಟಿಬಿಡಿ, ನಾಳೆಗೆ ಇಡಬೇಡಿ.

ದುಬೈ ವಿಷಯ ಇನ್ನೂ ಸರಳ. ನಮ್ಮ ಮೂರೂ ಜಿಲ್ಲೆಗಳಿಂದ ಗಲ್ಫಿಗೆ ಹೋದವರು ಬಹಳ ಮಂದಿ ಇದ್ದಾರೆ, ಅವರನ್ನು ನೋಡಲು ಹೋಗಿ ಕಾರು ಹಿಡಿಯುವವರೂ ಇದ್ದಾರೆ. ಅಲ್ಲಿ ಸಾಲಿಕ್ ಗೇಟ್ ಕೆಳಗೆ ಹಾದರೆ ತಾನೇ ಕಡಿತ ಆಗುತ್ತದೆ. ಬಾಡಿಗೆ ಗಾಡಿಯಲ್ಲಿ ಟ್ಯಾಗ್ ಮೊದಲೇ ಇರುತ್ತದೆ, ನೀವು ಏನೂ ಕೊಳ್ಳಬೇಕಾಗಿಲ್ಲ. 2025ರ ಜನವರಿ ಕೊನೆಯಿಂದ ಗಿಜಿಗಿಜಿ ಹೊತ್ತಿಗೆ 6 ದಿರ್ಹಂ, ಉಳಿದ ಹೊತ್ತಿಗೆ 4. ರಾತ್ರಿ ಒಂದರಿಂದ ಆರರವರೆಗೆ ಇಲ್ಲ. ಬಾಡಿಗೆ ಕಂಪನಿ ಪ್ರತಿ ಗೇಟಿಗೆ ಮೇಲಿಂದ ಎಷ್ಟು ಸೇರಿಸುತ್ತದೆ ಅಂತ ಒಪ್ಪಂದದಲ್ಲಿ ಓದಿ. ಅಬುಧಾಬಿಗೆ ಹೋದರೆ ಅಲ್ಲಿ ಬೇರೆ ವ್ಯವಸ್ಥೆ, ದರ್ಬ್ ಅಂತ.

ಊರಿಗೆ ಬಂದ ಮೇಲೆ

ಗಾಡಿ ವಾಪಸ್ ಕೊಡುವಾಗ ಒಪ್ಪಂದದ ಪ್ರತಿ ಇಟ್ಟುಕೊಳ್ಳಿ. ರಸೀದಿಗಳನ್ನು ಫೋನಿನಿಂದ ಅಳಿಸಬೇಡಿ, ಎರಡು ವರ್ಷ ಇರಲಿ. ಮೇಲ್‌ನಲ್ಲಿ ಒಂದು ಫೋಲ್ಡರ್ ಮಾಡಿ ಹಾಕಿದರೆ ಆಯಿತು.

ದಂಡದ ಪತ್ರ ಬಂದರೆ ಮೊದಲು ಅದರಲ್ಲಿರುವ ಗಾಡಿ ನಂಬರ್, ತಾರೀಖು, ಸಮಯ, ಜಾಗ ನಾಲ್ಕನ್ನೂ ರಸೀದಿ ಜೊತೆ ಹೋಲಿಸಿ. ಪಾಸ್ ಸರಿಯಾಗಿದ್ದರೆ ರಸೀದಿ ಸೇರಿಸಿ ದಂಡ ಹಾಕಿದ ಸಂಸ್ಥೆಗೇ ನೇರವಾಗಿ ಬರೆಯಿರಿ, ಬಾಡಿಗೆ ಕಂಪನಿಗೂ ಒಂದು ಪ್ರತಿ ಕಳಿಸಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸಾಕು. ನಂಬರಿನಲ್ಲಿ ಒಂದಕ್ಷರ ಮಾತ್ರ ತಪ್ಪಿದ್ದರೆ ಅದನ್ನೂ ಹಾಗೇ ಹೇಳಿ, ಎರಡೂ ನಂಬರ್ ಪಕ್ಕಪಕ್ಕ ಬರೆದು ಪಾಸಿನ ಬೆಲೆ ಕಟ್ಟಿರುವುದನ್ನು ತೋರಿಸಿ. ಪತ್ರದಲ್ಲಿ ಕೊಟ್ಟ ಗಡುವು ಮೀರಬೇಡಿ. ಪತ್ರ ಬರುವಷ್ಟರಲ್ಲಿ ಗಡುವಿನ ಅರ್ಧ ದಿನಗಳು ಕಳೆದಿರುವುದೇ ಜಾಸ್ತಿ. ಪತ್ರ ನಿಜವೋ ಅಂತ ಅನುಮಾನ ಬಂದರೆ ಅದರಲ್ಲಿರುವ ಲಿಂಕ್ ಒತ್ತದೆ ಸಂಸ್ಥೆಯ ಅಸಲಿ ಸೈಟಿಗೆ ಹೋಗಿ ಪತ್ರದ ಸಂಖ್ಯೆ ಹಾಕಿ ನೋಡಿ.

ಕಾರ್ಡಿನ ವಿದೇಶಿ ಬಟನ್‌ಗಳನ್ನು ಬಂದ ಮೇಲೆ ಮತ್ತೆ ಬಂದ್ ಮಾಡಿ. ಆದರೆ ಒಂದೆರಡು ತಿಂಗಳು ಸ್ಟೇಟ್‌ಮೆಂಟ್ ನೋಡುತ್ತಾ ಇರಿ. ಬಾಡಿಗೆ ಕಂಪನಿ ಏನಾದರೂ ಕಡಿತ ಮಾಡಿದ್ದರೆ ಯಾವುದಕ್ಕೆ ಅಂತ ಬರಹದಲ್ಲಿ ಕೇಳಿ, ಮೂಲ ನೋಟಿಸಿನ ಪ್ರತಿ ಕಳಿಸಿ ಅನ್ನಿ. ಅದನ್ನು ಕೇಳುವ ಹಕ್ಕು ನಿಮಗಿದೆ.